ಮಳೆ, ಮಂಜು, ಚಳಿಯಲ್ಲಿ ಚಿಕ್ಕಮಗಳೂರು: ಹೊರಡುವ ಮೊದಲು ಇಷ್ಟು ತಿಳ್ಕೊಳ್ಳಿ

"ಅಣ್ಣಾ, ಅಲ್ಲಿ ಮಳೆ ಇದ್ಯಾ? ಈಗ ಬಂದ್ರೆ ಏನಾದ್ರೂ ಕಾಣುತ್ತಾ?" ಜೂನ್ ಶುರುವಾದರೆ ನನ್ನ ಫೋನಿಗೆ ಬರುವ ಪ್ರಶ್ನೆ ಇದೊಂದೇ. ನಾನು ಚಿಕ್ಕಮಗಳೂರಿನಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ಮಳೆ ಇಲ್ಲ ಅಂತ ಸುಳ್ಳು ಹೇಳಿದರೆ ಬಾಡಿಗೆ ಸಿಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಹಿಂದಿನ ಸೀಟಿನಿಂದ ಬೈಗುಳವೂ ಸಿಗುತ್ತದೆ. ಅದಕ್ಕೆ ನಾನು ತಿರುಗಿ ಕೇಳುತ್ತೇನೆ: "ಯಾವ ಕಡೆ ಮಳೆ ಅಂತ ಹೇಳಲಿ ಸಾರ್?"

ನಮ್ಮ ಜಿಲ್ಲೆಯಲ್ಲಿ ಮಳೆ ಎಲ್ಲ ಕಡೆ ಒಂದೇ ಥರ ಬರುವುದಿಲ್ಲ. ಅರಬ್ಬಿ ಸಮುದ್ರದಿಂದ ಬರುವ ಮೋಡ ಮೊದಲು ಘಟ್ಟಕ್ಕೆ ತಾಗಿ ಶೃಂಗೇರಿ, ಕೊಪ್ಪ, ಕಳಸ, ಮೂಡಿಗೆರೆ ಕಡೆ ಸುರಿಯುತ್ತದೆ. ಉಳಿದದ್ದು ಬಾಬಾಬುಡನ್‌ಗಿರಿ ಸಾಲಿಗೆ ಬಡಿದು ಅಲ್ಲೂ ಸುರಿಯುತ್ತದೆ. ಅದನ್ನು ದಾಟಿ ಕಡೂರಿನ ಕಡೆ ಇಳಿಯುವಾಗ ಮೋಡದಲ್ಲಿ ಜಾಸ್ತಿ ಏನೂ ಉಳಿದಿರುವುದಿಲ್ಲ. ಚಿಕ್ಕಮಗಳೂರು ಪೇಟೆ ಈ ಎರಡರ ನಡುವೆ ಇದೆ. ನನ್ನ ಹುಟ್ಟೂರು ಮೂಡಿಗೆರೆ ಕಡೆ, ಹೆಂಡತಿಯ ತವರು ಸಖರಾಯಪಟ್ಟಣದ ಹತ್ತಿರ. ಜುಲೈನಲ್ಲಿ ನಮ್ಮಮ್ಮ ಫೋನ್ ಮಾಡಿದರೆ "ಈ ಮಳೆ ಯಾವಾಗ ನಿಲ್ಲುತ್ತೋ" ಅಂತಾರೆ. ಅತ್ತೆ ಫೋನ್ ಮಾಡಿದರೆ "ಯಾವಾಗ ಬರುತ್ತೋ" ಅಂತಾರೆ. ಎರಡೂ ಊರಿನ ನಡುವೆ ಕಾರಿನಲ್ಲಿ ಎರಡು ಗಂಟೆ ದಾರಿಯೂ ಇಲ್ಲ.

ಇದು ಗೊತ್ತಿದ್ದರೆ ಮಳೆಗಾಲದ ಪ್ರವಾಸದ ಅರ್ಧ ಕೆಲಸ ಮುಗಿದ ಹಾಗೆ. ಬೆಳಿಗ್ಗೆ ಎದ್ದ ತಕ್ಷಣ ಮೊಬೈಲಿನಲ್ಲಿ ಬರೆದಿಟ್ಟ ಪ್ಲಾನ್ ನೋಡಬೇಡಿ, ಬೆಟ್ಟ ನೋಡಿ. ಗಿರಿ ಸಾಲು ಪೇಟೆಯಿಂದಲೇ ಕಾಣುತ್ತದೆ. ಮೋಡ ಬುಡದವರೆಗೂ ಇಳಿದಿದ್ದರೆ ಆ ದಿನ ಬೆಟ್ಟ ಬೇಡ. ಪೂರ್ವಕ್ಕೆ ಹೋಗಿ: ಅಯ್ಯನಕೆರೆ, ಬೆಳವಾಡಿ, ಹಳೇಬೀಡು. ನೆತ್ತಿ ಮಾತ್ರ ಮುಚ್ಚಿದ್ದರೆ ತಿಂಡಿ ತಿಂದು, ಇನ್ನೊಂದು ಕಾಫಿ ಕುಡಿದು, ಹತ್ತು ಹನ್ನೊಂದು ಗಂಟೆವರೆಗೆ ಕಾಯಿರಿ. ಬೆಟ್ಟವೇ ಕಾಣದಿದ್ದರೆ? ಆ ದಿನಕ್ಕೂ ದಾರಿ ಇದೆ, ಆಮೇಲೆ ಹೇಳುತ್ತೇನೆ.

ಯಾವಾಗ ಬರಬೇಕು ಅಂತ ಕೇಳುವವರಿಗೆ ಒಂದು ಮಾತು. ನಮ್ಮ ಕಡೆ ಮಳೆ ಲೆಕ್ಕ ತಿಂಗಳಲ್ಲಿ ಅಲ್ಲ, ನಕ್ಷತ್ರದಲ್ಲಿ. ಜೂನ್ ಮೂರನೇ ವಾರಕ್ಕೆ ಆರಿದ್ರಾ ಹುಟ್ಟುತ್ತದೆ. "ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ" ಅಂತ ಗಾದೆಯೇ ಇದೆ. ಅಲ್ಲಿಂದ ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವವರೆಗೆ, ಅಂದರೆ ಆಗಸ್ಟ್ ಮಧ್ಯದವರೆಗೆ, ಜೋರು ಮಳೆ. ಮಳೆಯನ್ನೇ ನೋಡಬೇಕು, ಮಳೆಯಲ್ಲೇ ಕೂರಬೇಕು ಅನ್ನುವವರು ಆಗ ಬನ್ನಿ. ಫೋಟೋ ಬೇಕು, ಮಕ್ಕಳಿದ್ದಾರೆ ಅನ್ನುವವರು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಬನ್ನಿ. ಕೆರೆ ತುಂಬಿರುತ್ತದೆ, ಜಲಪಾತ ಬತ್ತಿರುವುದಿಲ್ಲ, ನಡುನಡುವೆ ಬಿಸಿಲು ಬಂದು ಬೆಟ್ಟ ಹಸಿರು ಕಾಣುತ್ತದೆ. ನನ್ನನ್ನು ಕೇಳಿದರೆ ವರ್ಷದಲ್ಲೇ ಒಳ್ಳೆ ಕಾಲ ಅದು. ಅಕ್ಟೋಬರ್‌ನಲ್ಲಿ ಹಿಂಗಾರು. ಬೆಳಿಗ್ಗೆ ಬಿಸಿಲು, ಸಂಜೆ ಗುಡುಗು ಸಿಡಿಲು. ಆಗ ತಿರುಗಾಟವೆಲ್ಲ ಮಧ್ಯಾಹ್ನ ಮೂರರೊಳಗೆ ಮುಗಿಸಿ. ಸಿಡಿಲಿನ ಸಂಜೆಯಲ್ಲಿ ಬೋಳು ಗುಡ್ಡದ ನೆತ್ತಿಯ ಮೇಲೆ ನಿಲ್ಲುವುದು ಧೈರ್ಯ ಅಲ್ಲ, ದಡ್ಡತನ.

ಹವಾಮಾನ ಇಲಾಖೆಯ ಬಣ್ಣಗಳನ್ನೂ ಸ್ವಲ್ಪ ಗಮನಿಸಿ. ಸಾಮಾನ್ಯವಾಗಿ ಆರೆಂಜ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 11 ಸೆಂ.ಮೀ.ಗಿಂತ ಜಾಸ್ತಿ, ರೆಡ್ ಅಂದರೆ 20 ಸೆಂ.ಮೀ.ಗಿಂತ ಜಾಸ್ತಿ ಮಳೆ ಬರಬಹುದು ಅಂತ ಅರ್ಥ. ರೆಡ್ ಇದ್ದ ದಿನ ಜಿಲ್ಲಾಡಳಿತ ಗಿರಿ ಕಡೆ ಪ್ರವಾಸಿಗರನ್ನು ಬಿಡದೇ ಇರಬಹುದು. ಚೆಕ್‌ಪೋಸ್ಟಿನಲ್ಲಿ ನಿಂತಿರುವ ಸಿಬ್ಬಂದಿ ಜೊತೆ ಜಗಳ ಆಡಿ ಏನೂ ಪ್ರಯೋಜನ ಇಲ್ಲ.

ಕೆರೆ ಮೊದಲು, ಬೆಟ್ಟ ಆಮೇಲೆ

ಬರುವವರೆಲ್ಲ ಮುಳ್ಳಯ್ಯನಗಿರಿ ಅಂತಾರೆ. 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ, ಸರಿ. ಆದರೆ ಜುಲೈನಲ್ಲಿ ಮೇಲೆ ಹತ್ತಿದರೆ ನಿಮಗೆ ಕಾಣುವುದು ನಿಮ್ಮ ಮುಂದೆ ನಿಂತವರ ರೇನ್‌ಕೋಟು ಮಾತ್ರ. ಮೋಡದ ಒಳಗೆ ನಿಂತರೆ ಮೋಡ ಕಾಣುವುದಿಲ್ಲ. ಅದೇ ಬೆಟ್ಟವನ್ನು ಕೆಳಗೆ ಕೆರೆ ಏರಿಯ ಮೇಲೆ ನಿಂತು ನೋಡಿ. ಮೋಡ ಇಳಿಯುವುದು, ಹರಿಯುವುದು, ಒಂದು ನಿಮಿಷ ಬಿಟ್ಟುಕೊಟ್ಟು ಮತ್ತೆ ಮುಚ್ಚುವುದು ಎಲ್ಲ ಕಾಣುತ್ತದೆ. ಮಳೆಗಾಲದಲ್ಲಿ ಬೆಟ್ಟ ನೋಡೋಕೆ ಕೆರೆಗೇ ಹೋಗಬೇಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕೇಳುವವರು ಕಮ್ಮಿ.

ಹತ್ತಿರದ್ದು ಹಿರೇಕೊಳಲೆ. ಪೇಟೆಯಿಂದ ಸುಮಾರು 10 ಕಿ.ಮೀ. ಗಿರಿ ಸಾಲು ಎದುರಿಗೇ ಇದೆ. ಮಳೆ ಬಿಟ್ಟ ಸಂಜೆ, ನಾಲ್ಕರಿಂದ ಆರು ಗಂಟೆ ಒಳಗೆ ಹೋಗಿ. ಗಾಳಿ ನಿಂತಿದ್ದರೆ ಬೆಟ್ಟ ಪೂರ್ತಿ ನೀರಿನಲ್ಲಿ ಕಾಣುತ್ತದೆ. ದಾರಿ ಸಣ್ಣದು, ತೋಟಗಳ ನಡುವೆ ಹೋಗುತ್ತದೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರಾದರೂ ಹಿಂದೆ ಹೋಗಲೇಬೇಕು, ಮೊದಲೇ ಜಾಗ ನೋಡಿಕೊಳ್ಳಿ. ಇದು ಚಿಕ್ಕಮಗಳೂರಿಗೆ ಕುಡಿಯುವ ನೀರು ಕೊಡುವ ಕೆರೆ ಅನ್ನುವುದನ್ನು ಮರೆಯಬೇಡಿ. ಇಲ್ಲಿ ಕಾಲು ತೊಳೆದು, ಚಿಪ್ಸ್ ಪ್ಯಾಕೆಟ್ ಎಸೆದು ಹೋದರೆ, ಅದೇ ನೀರಿನ ಕಾಫಿಯನ್ನು ಪೇಟೆಯ ಹೋಟೆಲಿನಲ್ಲಿ ನೀವೇ ಕುಡಿಯಬೇಕಾಗುತ್ತದೆ. ಈಜು ಬೇಡವೇ ಬೇಡ. ಏರಿಯ ಹುಲ್ಲು ಮಳೆಯಲ್ಲಿ ಜಾರುತ್ತದೆ, ಒಳಗೆ ಕೆಸರು.

ನನ್ನ ಮೆಚ್ಚಿನದು ಅಯ್ಯನಕೆರೆ. ಅತ್ತೆ ಮನೆ ಕಡೆ ಅಂತ ಹೊಗಳುತ್ತಿದ್ದೇನೆ ಅಂದುಕೊಂಡರೂ ಪರವಾಗಿಲ್ಲ. ಪೇಟೆಯಿಂದ ಸುಮಾರು 20 ಕಿ.ಮೀ., ಸಖರಾಯಪಟ್ಟಣದ ಹತ್ತಿರ, ಶಕುನಗಿರಿಯ ಬುಡದಲ್ಲಿ ಇದೆ. ರುಕ್ಮಾಂಗದರಾಯ ಕಟ್ಟಿಸಿದ ಅನ್ನುತ್ತಾರೆ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರ ಆಗಿದೆ. ಬಾಬಾಬುಡನ್ ಬೆಟ್ಟದ ಪೂರ್ವಕ್ಕೆ ಬಿದ್ದ ನೀರು ವೇದಾ ಹೊಳೆಯಾಗಿ ಇಲ್ಲಿಗೆ ಬರುತ್ತದೆ. ಇನ್ನೊಂದು ಹೊಳೆ ಅವತಿ, ಮದಗದ ಕೆರೆ ಕಡೆಗೆ ಹೋಗುತ್ತದೆ. ಎರಡೂ ಕಡೂರು ಸೀಮೆಯಲ್ಲಿ ಸೇರಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತವೆ. 1933ರ ನಂತರ 2022ರಲ್ಲಿ ಆ ಜಲಾಶಯ ಕೋಡಿ ಬಿದ್ದಾಗ ಚಿತ್ರದುರ್ಗದವರು ಕುಣಿದರಲ್ವಾ, ಆ ನೀರಿನಲ್ಲಿ ನಮ್ಮ ಬೆಟ್ಟದ ಪಾಲೂ ಇತ್ತು.

ಅಯ್ಯನಕೆರೆಯ ಮಜಾ ಏನೆಂದರೆ ಗಿರಿಯಲ್ಲಿ ಧೋ ಅಂತ ಸುರಿಯುತ್ತಿದ್ದರೂ ಇಲ್ಲಿ ತುಂತುರು ಮಾತ್ರ ಇರುತ್ತದೆ. ಎಷ್ಟೋ ಸಲ ಬಿಸಿಲೇ ಇರುತ್ತದೆ. ನೀವು ಒಣಗಿದ ಬಟ್ಟೆಯಲ್ಲಿ ಏರಿ ಮೇಲೆ ನಡೆಯುತ್ತಾ ಎದುರಿನ ಬೆಟ್ಟದ ಮೇಲೆ ಮಳೆ ಬೀಳುವುದನ್ನು ನೋಡಬಹುದು. ಕೋಡಿ ಬಿದ್ದಿದೆ ಅಂತ ಸುದ್ದಿ ಬಂದರೆ ತಪ್ಪಿಸಬೇಡಿ. ಸುತ್ತಲಿನ ಊರಿನವರೆಲ್ಲ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಹೆಂಗಸರು ಬಾಗಿನ ಬಿಡುತ್ತಾರೆ. ಆ ದಿನ ಕೋಡಿ ನೀರಿಗೆ ಇಳಿದು ಸೆಲ್ಫಿ ತೆಗೆಯುವವರೂ ಇರುತ್ತಾರೆ. ಪಾಚಿ ಕಲ್ಲು, ಕೆಳಗೆ ಸೆಳೆತ. ನಿಮ್ಮ ಮಕ್ಕಳ ಕೈ ಬಿಡಬೇಡಿ. ಊಟ, ಟೀ ಏನೂ ನಂಬಿಕೊಂಡು ಹೋಗಬೇಡಿ, ಫ್ಲಾಸ್ಕಿನಲ್ಲಿ ಕಾಫಿ ಒಯ್ಯಿರಿ.

ಬೇಲೂರಿನ ಯಗಚಿ ಅಣೆಕಟ್ಟೆ, ಹಳೇಬೀಡಿನ ದ್ವಾರಸಮುದ್ರ ಕೆರೆ ಕೂಡ ಇದೇ ಸುತ್ತಿಗೆ ಸೇರುತ್ತವೆ. ಹೊಯ್ಸಳರ ರಾಜಧಾನಿಗೇ ಕೆರೆಯ ಹೆಸರು ಬಿದ್ದಿತ್ತು, ನಮ್ಮ ಜನ ಅದರ ಮುಂದೆಯೇ ಕಾರು ನಿಲ್ಲಿಸಿ ನೋಡದೆ ಹೋಗುತ್ತಾರೆ.

ಆದರೂ ಬೆಟ್ಟ ಹತ್ತುತ್ತೇವೆ ಅನ್ನುವವರಿಗೆ

ಹತ್ತಿ. ನಾನು ಕರೆದುಕೊಂಡು ಹೋಗುತ್ತೇನೆ. ಆದರೆ ವಾರದ ನಡುವೆ ಬನ್ನಿ. ಶನಿವಾರ ಭಾನುವಾರ ಗಿರಿ ದಾರಿಯ ಚೆಕ್‌ಪೋಸ್ಟ್ ಇರುವ ಕೈಮರದಿಂದಲೇ ಸಾಲು ನಿಲ್ಲುತ್ತದೆ. ಮಂಜಿನಲ್ಲಿ, ಸಣ್ಣ ರಸ್ತೆಯಲ್ಲಿ, ಇಳಿಜಾರಿನಲ್ಲಿ ಗಂಟೆಗಟ್ಟಲೆ ಕ್ಲಚ್ ಹಿಡಿದು ನಿಲ್ಲುವುದು ಯಾವ ಸುಖ? ಈಗ ಗಿರಿ ಕಡೆ ಹೋಗುವ ವಾಹನಗಳಿಗೆ ಮೊದಲೇ ಆನ್‌ಲೈನಿನಲ್ಲಿ ನೋಂದಣಿ ಮಾಡಿಸುವ ವ್ಯವಸ್ಥೆ ಬಂದಿದೆ, ಬೆಳಿಗ್ಗೆ ಬೇರೆ, ಮಧ್ಯಾಹ್ನ ಬೇರೆ. ಹೊರಡುವ ಮೊದಲೇ ಜಿಲ್ಲಾಡಳಿತದ ಜಾಲತಾಣ ನೋಡಿ. ಕೈಮರಕ್ಕೆ ಬಂದು ನೆಟ್‌ವರ್ಕ್ ಹುಡುಕುತ್ತಾ ನಿಲ್ಲಬೇಡಿ.

ಮೇಲೆ ಛತ್ರಿ ಕೆಲಸಕ್ಕೆ ಬರುವುದಿಲ್ಲ. ಒಂದು ಗಾಳಿಗೆ ತಿರುಗಿ ಬೀಳುತ್ತದೆ. ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತುವಾಗ ಬದಿಗೆ ಹೋಗಿ ನಿಲ್ಲುವ ಆಸೆ ಬಿಡಿ. ಜಲಪಾತದ ವಿಷಯದಲ್ಲಿ ಇನ್ನೂ ಒಂದು ಮಾತು: ನಿಂತಲ್ಲಿ ಮಳೆ ಇಲ್ಲದಿದ್ದರೂ ಮೇಲೆ ಇರಬಹುದು. ನೀರಿನ ಬಣ್ಣ ತಟ್ಟನೆ ಕೆಂಪಾಯಿತು, ಕಸಕಡ್ಡಿ ತೇಲಿ ಬರಲು ಶುರುವಾಯಿತು ಅಂದರೆ ಚಪ್ಪಲಿ ಹುಡುಕದೆ ದಡಕ್ಕೆ ಬನ್ನಿ.

ಚಾರ್ಮಾಡಿ ಘಾಟಿ ಮಳೆಗಾಲದಲ್ಲಿ ಚೆಂದ, ರಸ್ತೆ ಪಕ್ಕದಲ್ಲೆಲ್ಲ ಝರಿ. ಆದರೆ 2019ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಜೋರು ಮಳೆ ಇದ್ದರೆ ಘಾಟಿ ಇಳಿಯುವ ಮೊದಲೇ ಸಿಗುವ ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ತಿಂದು ಅಲ್ಲಿಂದಲೇ ವಾಪಸ್ ಬನ್ನಿ. ನೀರುದೋಸೆಯೊಂದಕ್ಕೇ ಹೋದರೂ ನಷ್ಟ ಇಲ್ಲ.

ಸ್ವಂತ ಕಾರು ತರುವವರಿಗೆ ಮಂಜಿನ ಪಾಠ. ಹೈಬೀಮ್ ಹಾಕಬೇಡಿ. ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಡಿಮ್ ಲೈಟು, ಇದ್ದರೆ ಫಾಗ್ ಲ್ಯಾಂಪ್, ಸಾಕು. ಓಡಿಸುವಾಗ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸಬೇಡಿ. ನೀವು ನಿಂತಿದ್ದೀರೋ ಹೋಗುತ್ತಿದ್ದೀರೋ, ಯಾವ ಕಡೆ ತಿರುಗುತ್ತೀರೋ ಹಿಂದಿನವನಿಗೆ ಗೊತ್ತಾಗುವುದಿಲ್ಲ. ಗಾಜಿನ ಒಳಗೆ ಆವಿ ಕಟ್ಟಿದರೆ ಟವೆಲಿನಲ್ಲಿ ಒರೆಸುತ್ತಾ ಕೂರಬೇಡಿ, ಎಸಿ ಹಾಕಿ ಗಾಳಿಯನ್ನು ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಒಳಗೆ ಬರುವ ಬಟನ್ ಒತ್ತಿ. ಚಳಿ ಅಂತ ಎಸಿ ಹಾಕದವರೇ ಜಾಸ್ತಿ. ಹತ್ತುವ ಗಾಡಿಗೆ ದಾರಿ ಬಿಡಿ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಒಂದನ್ನೇ ಒತ್ತಿಕೊಂಡು ಇಳಿದರೆ ಕೆಳಗೆ ಬರುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ. ಪೆಟ್ರೋಲ್ ಪೇಟೆಯಲ್ಲೇ ತುಂಬಿಸಿಕೊಳ್ಳಿ. ತಿರುವಿನಲ್ಲಿ ಹಾರ್ನ್ ಹೊಡೆಯಿರಿ, ಕಾಡಿನ ನಡುವೆ ಸುಮ್ನೆ ಹೊಡೆಯಬೇಡಿ.

ಮೈಗೆ, ಕಾಲಿಗೆ

ಜೀನ್ಸ್ ಬೇಡ. ಒದ್ದೆಯಾದರೆ ನಮ್ಮೂರಲ್ಲಿ ಮೂರು ದಿನ ಆದರೂ ಒಣಗುವುದಿಲ್ಲ. ಬೇಗ ಒಣಗುವ ತೆಳು ಪ್ಯಾಂಟು, ಪ್ಯಾಂಟು ಅಂಗಿ ಬೇರೆ ಬೇರೆ ಇರುವ ರೇನ್‌ಕೋಟು, ಹಿಡಿತ ಇರುವ ಚಪ್ಪಲಿ ತನ್ನಿ. ಕಾಲುಚೀಲ ಜಾಸ್ತಿ ತನ್ನಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತನ್ನಿ. ಶೂ ಒದ್ದೆಯಾದರೆ ರಾತ್ರಿ ಹಳೇ ಪೇಪರ್ ತುರುಕಿಡಿ, ಬೆಳಿಗ್ಗೆಗೆ ಅರ್ಧ ನೀರು ಪೇಪರ್ ಕುಡಿದಿರುತ್ತದೆ. ತೋಟದ ಕೆಲಸದವರನ್ನು ನೋಡಿ: ಕಾಲಿಗೆ ಗಂಬೂಟು, ಮೈಮೇಲೆ ಪ್ಲಾಸ್ಟಿಕ್ ಕೊಪ್ಪೆ. ಮೊದಲು ಎಲೆಯಿಂದ ಹೆಣೆದ ಗೊರಬು, ಕಂಬಳಿ ಇತ್ತು. ಅಂಗಡಿಯ ದುಬಾರಿ ಜಾಕೆಟ್‌ಗಿಂತ ಆ ಕೊಪ್ಪೆ ವಾಸಿ ಅಂತ ನನಗೆ ಈಗಲೂ ಅನಿಸುತ್ತದೆ.

ಇನ್ನು ಇಂಬಳ, ಅಂದರೆ ಜಿಗಣೆ. ಬೆಂಗಳೂರಿನವರು ಹುಲಿಗೆ ಹೆದರದಷ್ಟು ಇದಕ್ಕೆ ಹೆದರುತ್ತಾರೆ. ತೋಟ, ಕಾಡು, ಹುಲ್ಲು ಎಲ್ಲಿ ನಡೆದರೂ ಮಳೆಗಾಲದಲ್ಲಿ ಹತ್ತುತ್ತದೆ. ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ, ಚೀಲಕ್ಕೆ ಹೊಗೆಸೊಪ್ಪಿನ ಪುಡಿ ಅಥವಾ ಸುಣ್ಣ ಸವರಿ. ನಿಂತಲ್ಲೇ ನಿಲ್ಲಬೇಡಿ, ನಡೆಯುತ್ತಿರಿ. ಕಚ್ಚಿದ್ದನ್ನು ಎಳೆದು ಕೀಳಬೇಡಿ. ಸ್ವಲ್ಪ ಉಪ್ಪು ಹಾಕಿ, ತಾನೇ ಬಿಡುತ್ತದೆ. ಬಿಟ್ಟ ಮೇಲೂ ರಕ್ತ ಬರುತ್ತಲೇ ಇರುತ್ತದೆ, ಅದಕ್ಕೇ ಎಲ್ಲರೂ ಗಾಬರಿಯಾಗುವುದು. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ, ಹಾಗಾಗಿ. ಸೋಪಿನಲ್ಲಿ ತೊಳೆದು ಹತ್ತಿ ಒತ್ತಿ ಹಿಡಿಯಿರಿ, ನಿಲ್ಲುತ್ತದೆ. ಕೆರೆಯುವುದು ಎರಡು ದಿನ ಇರುತ್ತದೆ. ನನ್ನ ಕಾರು ಹತ್ತುವ ಮೊದಲು ಮಾತ್ರ ದಯವಿಟ್ಟು ಕಾಲು ನೋಡಿಕೊಳ್ಳಿ.

ಉಳಿಯುವ ಮನೆ

ಹೋಂಸ್ಟೇ ಫೋಟೋದಲ್ಲಿ ಈಜುಕೊಳ ತೋರಿಸುತ್ತಾರೆ. ಮಳೆಗಾಲಕ್ಕೆ ನೀವು ಕೇಳಬೇಕಾದದ್ದು ಬೇರೆ. ಕರೆಂಟ್ ಹೋದರೆ ಏನು ವ್ಯವಸ್ಥೆ? ಮರ ಬಿದ್ದು ತಂತಿ ಹರಿದರೆ ತೋಟದ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಬಿಸಿನೀರು ಸೋಲಾರಿನದೋ, ಬಚ್ಚಲ ಒಲೆಯದೋ? ಜುಲೈನಲ್ಲಿ ಸೋಲಾರ್ ನಂಬಬೇಡಿ. ಹಂಡೆ ನೀರು ಇದೆ ಅಂದರೆ ಕಣ್ಣುಮುಚ್ಚಿ ಬುಕ್ ಮಾಡಿ. ಒದ್ದೆ ಬಟ್ಟೆಯನ್ನೂ ಆ ಒಲೆಯ ಹತ್ತಿರವೇ ಒಣಗಿಸಬಹುದು. ಮನೆವರೆಗೆ ನಮ್ಮ ಕಾರು ಬರುತ್ತದೋ, ಜೀಪೇ ಬೇಕೋ? ಕೆಳಗೆ ಹಳ್ಳ ಇದ್ದರೆ ಅದು ತುಂಬಿದಾಗ ಏನು ಮಾಡುತ್ತೀರಿ? ಕೂರಲು ಸೂರು ಇಳಿಬಿಟ್ಟ ಜಗಲಿ ಇದೆಯಾ? ಇದು ಕೊನೆಯಲ್ಲಿ ಕೇಳುವ ಪ್ರಶ್ನೆ ಅಲ್ಲ. ಮಳೆಗಾಲದಲ್ಲಿ ನೀವು ಕೊಡುವ ದುಡ್ಡು ಕೋಣೆಗಲ್ಲ, ಜಗಲಿಗೆ. ಒಬ್ಬ ಮಾಲೀಕರು "ಮಳೆ ಬಂದ್ರೆ ರೂಮಲ್ಲಿ ಟೀವಿ ಇದೆ" ಅಂದಿದ್ದರು. ಅವರ ಮನೆಗೆ ನಾನು ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ.

ಊಟ ಏನು ಮಾಡುತ್ತಾರೆ ಅಂತಲೂ ಕೇಳಿ. ಪನೀರ್ ಬಟರ್ ಮಸಾಲ ಅಂದರೆ ಬೇರೆ ಮನೆ ನೋಡಿ. ಮಳೆಗಾಲದ ಊಟವೇ ಬೇರೆ: ಕೆಸುವಿನ ಎಲೆಯ ಪತ್ರೊಡೆ, ಕಳಲೆ (ಎಳೆ ಬಿದಿರು) ಪಲ್ಯ, ಹುರುಳಿ ಕಟ್ಟಿನ ಸಾರು, ಬಿಸಿ ಕಡುಬು. ತಿನ್ನುವವರಿಗೆ ಕಡುಬಿನ ಜೊತೆ ನಾಟಿಕೋಳಿ ಸಾರು, ಗದ್ದೆ ಏಡಿ ಸಾರು. ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಾಯಿಸುತ್ತಾ ಎರಡು ಮೂರು ದಿನ ನೆನೆಸಬೇಕು. ಹಾಗಾಗಿ ಬರುವ ದಿನ ಕೇಳಿದರೆ ಸಿಗುವುದಿಲ್ಲ, ಬುಕ್ ಮಾಡುವಾಗಲೇ ಹೇಳಿಡಿ. ಗುಡುಗು ಬಂದ ಮೇಲೆ ಅಣಬೆ ಏಳುತ್ತದೆ. ಮನೆಯವರು ಕಿತ್ತು ಮಾಡಿ ಬಡಿಸಿದರೆ ತಿನ್ನಿ, ನೀವೇ ಯೂಟ್ಯೂಬ್ ನೋಡಿ ಕೀಳಬೇಡಿ. ಸಂಜೆ ಹಪ್ಪಳ, ಬೆಲ್ಲದ ಕಾಫಿ. ಶೀತ ಆಗಿದ್ದರೆ ಕಾಳುಮೆಣಸಿನ ಕಷಾಯ ಕೇಳಿ. ಮೆಣಸು ಆ ಮನೆಯ ತೋಟದ್ದೇ ಇರುತ್ತದೆ.

ಇಡೀ ದಿನ ಸುರಿದರೆ

ಬೆಟ್ಟವೇ ಕಾಣದ ದಿನ ಅಂದೆನಲ್ಲ, ಆ ದಿನಕ್ಕೆ ಹೊಯ್ಸಳರು ಕಲ್ಲಿನ ಸೂರು ಕಟ್ಟಿಟ್ಟಿದ್ದಾರೆ. ಬೇಲೂರು 25 ಕಿ.ಮೀ., ಅಲ್ಲಿಂದ ಹಳೇಬೀಡು 16 ಕಿ.ಮೀ., ಅಲ್ಲಿಂದ ಬೆಳವಾಡಿ ಇನ್ನೂ ಹತ್ತಿರ. ಬೇಲೂರಿನ ಚೆನ್ನಕೇಶವ 1117ರದ್ದು, ಹಳೇಬೀಡಿನ ಹೊಯ್ಸಳೇಶ್ವರ 1121ರ ಸುಮಾರಿಗೆ ಶುರುವಾದದ್ದು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಜಾಸ್ತಿ. ಮಳೆಯ ದಿನ ಹೋದರೆ ನೂಕುನುಗ್ಗಲು ಇರುವುದಿಲ್ಲ, ಗೈಡ್ ಕೂಡ ನಿಧಾನವಾಗಿ ಹೇಳುತ್ತಾರೆ. ಒದ್ದೆಯಾದ ಬಳಪದ ಕಲ್ಲು ಕಪ್ಪಾಗಿ, ಶಿಲ್ಪದ ಗೆರೆ ಇನ್ನೂ ಎದ್ದು ಕಾಣುತ್ತದೆ. ಟಾರ್ಚ್ ಒಯ್ಯಿರಿ, ಒಳಗೆ ಕತ್ತಲು. ಚಪ್ಪಲಿ ಹೊರಗೆ ಬಿಡಬೇಕು, ಅಂಗಳದ ಕಲ್ಲು ಜಾರುತ್ತದೆ. ಕಾಲುಚೀಲ ತೆಗೆದು ಜೇಬಿಗೆ ಹಾಕಿಕೊಳ್ಳಿ.

ಒಂದೇ ಕಡೆ ಹೋಗಲು ಸಮಯ ಇದ್ದರೆ ನಾನು ಬೆಳವಾಡಿ ಅನ್ನುತ್ತೇನೆ. ವೀರನಾರಾಯಣ ದೇವಸ್ಥಾನದಲ್ಲಿ ಮೂರು ಗರ್ಭಗುಡಿ: ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ. ಮುಂದಿನ ಮಂಟಪ ದೊಡ್ಡದು, ಮೂರು ಕಡೆ ತೆರೆದದ್ದು. ಕಂಬಗಳನ್ನು ಎಷ್ಟು ನುಣುಪು ಮಾಡಿದ್ದಾರೆಂದರೆ ಹತ್ತಿರ ಹೋದರೆ ನಿಮ್ಮ ಮುಖ ಕಾಣುತ್ತದೆ. ಆ ಮಂಟಪದಲ್ಲಿ ಕೂತು ಹೊರಗೆ ಮಳೆ ನೋಡುವುದಕ್ಕೆ ಟಿಕೆಟ್ಟೂ ಇಲ್ಲ, ಗಡಿಬಿಡಿಯೂ ಇಲ್ಲ. ತರೀಕೆರೆ ಕಡೆಯಿಂದ ಬರುವವರು ಅಮೃತಾಪುರ ನೋಡಿ, 1196ರ ಅಮೃತೇಶ್ವರ.

ದೂರ ಬೇಡ ಅಂದರೆ ಪೇಟೆಯಲ್ಲೇ ಇರಿ. ಹಿರೇಮಗಳೂರಿನ ಕೋದಂಡರಾಮ ದೇವಸ್ಥಾನದಲ್ಲಿ ಪೂಜೆ ಕನ್ನಡದಲ್ಲೇ ನಡೆಯುತ್ತದೆ, ಮಕ್ಕಳಿಗೂ ಅರ್ಥ ಆಗುತ್ತದೆ. ಕಾಫಿ ಮಂಡಳಿಯ ಕಾಫಿ ಯಾತ್ರಾ ಸಂಗ್ರಹಾಲಯ ಇದೆ, ತೆರೆದಿದೆಯಾ ಅಂತ ವಿಚಾರಿಸಿಕೊಂಡು ಹೋಗಿ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದ ಕಥೆ ಎಲ್ಲರಿಗೂ ಗೊತ್ತು. ಆ ಬೀಜ ಲೋಟಕ್ಕೆ ಬರುವವರೆಗೆ ಏನೇನಾಗುತ್ತದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಟೌನ್ ಕ್ಯಾಂಟೀನಿನ ಮಸಾಲೆದೋಸೆಗೆ ಕಾಯಬೇಕಾಗುತ್ತದೆ, ಕಾಯಿರಿ. ಎಂ.ಜಿ. ರಸ್ತೆಯ ಕಾಫಿಪುಡಿ ಅಂಗಡಿಗೆ ಹೋದಾಗ ಸುಮ್ನೆ "ಅರ್ಧ ಕೆಜಿ ಕೊಡಿ" ಅನ್ನಬೇಡಿ. ಚಿಕೋರಿ ಎಷ್ಟು ಅಂತ ನೀವೇ ಹೇಳಿ, ಕಣ್ಣೆದುರಿಗೆ ಪುಡಿ ಮಾಡಿಸಿಕೊಳ್ಳಿ. ಫಿಲ್ಟರಿಗೆ ಅಂತ ಹೇಳುವುದು ಮರೆಯಬೇಡಿ.

ಚಳಿಗಾಲದ ಲೆಕ್ಕ ಉಲ್ಟಾ

ಜುಲೈನಲ್ಲಿ ಬೆಟ್ಟಕ್ಕೆ ತಡವಾಗಿ ಹೋಗಿ ಅಂದೆ. ಡಿಸೆಂಬರ್, ಜನವರಿಯಲ್ಲಿ ಬೇಗ ಹೋಗಿ. ರಾತ್ರಿ ತಣ್ಣಗಿನ ಗಾಳಿ ಕಣಿವೆಗೆ ಇಳಿದು ಮಂಜು ಕೆಳಗೆ ಕಟ್ಟುತ್ತದೆ, ಮೇಲೆ ಆಕಾಶ ತಿಳಿಯಾಗಿರುತ್ತದೆ. ಪೇಟೆಯಲ್ಲಿ ಏನೂ ಕಾಣುತ್ತಿಲ್ಲ ಅಂತ ಮತ್ತೆ ಹೊದ್ದು ಮಲಗಿದವರು ಕೆಟ್ಟರು. ಮೇಲೆ ಹೋದವರಿಗೆ ಕಾಲ ಕೆಳಗೆ ಮಂಜು ಹಾಸಿರುತ್ತದೆ. ಬಿಸಿಲು ಏರಿದರೆ ಅದು ಕರಗುತ್ತದೆ. ಬೆಟ್ಟ ಬೇಡ ಅನ್ನುವವರು ಅದೇ ಹೊತ್ತಿಗೆ ಹಿರೇಕೊಳಲೆಗೆ ಹೋಗಿ. ಗಾಳಿಗಿಂತ ನೀರು ಬೆಚ್ಚಗಿರುವುದರಿಂದ ಕೆರೆ ಮೇಲೆಲ್ಲ ಹಬೆ ಏಳುತ್ತದೆ. ಸ್ವೆಟರ್, ಮಂಕಿಕ್ಯಾಪ್ ಬೆಳಿಗ್ಗೆಗೆ ಬೇಕು. ಹನ್ನೊಂದಕ್ಕೆಲ್ಲ ಬಿಸಿಲು ಚುರುಗುಟ್ಟುತ್ತದೆ, ಆದ್ದರಿಂದ ಒಳಗೆ ತೆಳು ಅಂಗಿ ಇರಲಿ. ತುಟಿ ಒಡೆದರೆ ಕೊಬ್ಬರಿ ಎಣ್ಣೆ.

ದಿನ ನೋಡಿಕೊಂಡು ಬನ್ನಿ. ಡಿಸೆಂಬರ್ ಸುಮಾರಿಗೆ ಬಾಬಾಬುಡನ್‌ಗಿರಿಯಲ್ಲಿ ದತ್ತ ಜಯಂತಿ ನಡೆಯುತ್ತದೆ, ಆ ದಿನಗಳಲ್ಲಿ ಗಿರಿ ಕಡೆ ಪ್ರವಾಸಿಗರಿಗೆ ನಿರ್ಬಂಧ ಇರುತ್ತದೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕೋಣೆಯೂ ಇಲ್ಲ, ರಸ್ತೆಯೂ ಇಲ್ಲ. ಜನವರಿ ಎರಡನೇ ವಾರದ ನಂತರ ಬನ್ನಿ ಅಂತ ನಾನು ಹೇಳುವುದು.

ಆಗ ಕಾಫಿ ಕೊಯ್ಲಿನ ಕಾಲ ಕೂಡ. ಅರೇಬಿಕಾ ಮುಗಿಯುತ್ತಾ ಬಂದಿರುತ್ತದೆ, ರೋಬಸ್ಟಾ ನಡೆಯುತ್ತಿರುತ್ತದೆ. ಪಲ್ಪರ್ (ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಇರುವ ತೋಟದ ಹತ್ತಿರ ಹೋದರೆ ಹುಳಿ ವಾಸನೆ, ಕಣದ ತುಂಬ ಕಾಫಿ. ಕೇಳಿಕೊಂಡು ಒಳಗೆ ಹೋಗಿ. ಹರವಿದ ಕಾಫಿ ಮೇಲೆ ಚಪ್ಪಲಿ ಕಾಲು ಇಡಬೇಡಿ. ರಸ್ತೆ ಬದಿ ಗಾಡಿ ನಿಲ್ಲಿಸಿ ಹಣ್ಣು ಕೀಳುವುದು ನಿಮಗೆ ಆಟ, ಅವರಿಗೆ ವರ್ಷದ ದುಡಿಮೆ. ಆಗ ಒಂದು ದಿನ ಅಕಾಲ ಮಳೆ ಬಂತು ಅಂದುಕೊಳ್ಳಿ. ಪ್ರವಾಸಿಗರು "ಆಹಾ" ಅಂತಾರೆ. ಕಣದಲ್ಲಿ ಟಾರ್ಪಾಲು ಎಳೆಯುತ್ತಾ ಓಡುವವರ ಮುಂದೆ ಮಾತ್ರ ಅದನ್ನು ಹೇಳಬೇಡಿ.

ತಿನ್ನಲು ಚಳಿಗಾಲಕ್ಕೆ ಪೂರ್ವದ ಕಡೆ ವಾಸಿ. ಬಯಲಿನ ಸೊಗಡು ಅವರೆಕಾಯಿ ಆಗ ಬರುತ್ತದೆ. ಅವರೆಕಾಳು ಹಾಕಿದ ಅಕ್ಕಿರೊಟ್ಟಿ, ಹಿತಕಿದ ಬೇಳೆ ಸಾರು. ಅತ್ತೆ ಮನೆಯಲ್ಲಿ ಆ ತಿಂಗಳು ಬೇರೆ ತರಕಾರಿ ಕೊಳ್ಳುವುದೇ ಇಲ್ಲ. ಇನ್ನು ಕ್ಯಾಂಪ್‌ಫೈರ್: ಹೋಂಸ್ಟೇ ಅಂಗಳದಲ್ಲಿ ಮಾಡಿಕೊಳ್ಳಿ, ಬೆಟ್ಟದ ಮೇಲೆ ಬೇಡ. ಜನವರಿಯಿಂದ ಹುಲ್ಲು ಒಣಗಿರುತ್ತದೆ. ಒಂದು ಬೀಡಿ ತುಂಡು ಸಾಕು, ಇಡೀ ಗುಡ್ಡ ಹೊತ್ತಿಕೊಳ್ಳಲು.

ವಾಪಸ್ ಹೋಗುವ ವಿಷಯ. ಬೆಂಗಳೂರು ಸುಮಾರು 245 ಕಿ.ಮೀ. ಮಳೆಗಾಲದಲ್ಲಿ ಊಟ ಮುಗಿಸಿ ಒಂದು ಗಂಟೆಗೆ ಹೊರಡಿ, ಕತ್ತಲಾಗುವ ಮೊದಲು ಹಾಸನ ದಾಟಿ ದೊಡ್ಡ ರಸ್ತೆ ಹಿಡಿದಿರುತ್ತೀರಿ. ಸ್ವಂತ ಕಾರಿಲ್ಲದವರಿಗೆ ಕೆಎಸ್‌ಆರ್‌ಟಿಸಿ ಬಸ್ ಇದೆ. ರೈಲೇ ಬೇಕು ಅಂದರೆ 40 ಕಿ.ಮೀ. ದೂರದ ಕಡೂರಿಗೆ ಬಂದರೆ ಆಯ್ಕೆ ಜಾಸ್ತಿ. ಒದ್ದೆ ಬಟ್ಟೆಯನ್ನು ಬೇರೆ ಚೀಲಕ್ಕೆ ಹಾಕಿ. ಕಾಫಿಪುಡಿಯನ್ನು ಆ ಚೀಲದಿಂದ ದೂರ ಇಡಿ, ಇಲ್ಲದಿದ್ದರೆ ಮನೆಗೆ ಹೋಗಿ ಡಬ್ಬಿ ತೆಗೆದಾಗ ಕಾಲುಚೀಲದ ವಾಸನೆಯ ಕಾಫಿ ಕುಡಿಯಬೇಕಾಗುತ್ತದೆ.